ಒಂಬತ್ತನೆಯ ಕಂತಿನ ಮಣ್ಣು

ಹೂಳುವುದಕ್ಕೆ ಅವರ ಹತ್ತಿರ ಹೆಣ ಇರಲಿಲ್ಲ.

ಸತ್ತವನು ನೀಲೇಶ, ಮರಾಠಿ ಸೀಮೆಯ ಗಡಿಯೂರು ದಾಳಿಂಬದ ಮನ್ಮಥಪ್ಪನ ಒಬ್ಬನೇ ಮಗ, ಪ್ರಣಿತಾಳ ತಮ್ಮ. ಸತ್ತದ್ದು ಯಾವುದೋ ದೊಡ್ಡ ದೇಶ ತನ್ನ ಪಕ್ಕದ ಸಣ್ಣ ದೇಶದ ಮೇಲೆ ಏರಿಹೋದ ಯುದ್ಧದಲ್ಲಿ. ಅದಾಗಿ ಒಂದು ಮಳೆಗಾಲ ಕಳೆದಿತ್ತು. ಈಗ ಉದಗೀರದ ಬಸ್ ಸ್ಟ್ಯಾಂಡಿನ ಹಿಂದೆ, ಮೊಬೈಲ್ ಅಂಗಡಿಯ ಮೇಲಿನ ಕೋಣೆಯಲ್ಲಿ, ಸದ್ದು ಹೊರಗೆ ಹೋಗದಂತೆ ಗೋಡೆಗೆಲ್ಲ ಹಳೆ ಗಾದಿ ಹೊಡೆದ ಸ್ಟುಡಿಯೋದಲ್ಲಿ ಕೂತು ಪ್ರಣಿತಾ ಅವನ ಅಂತ್ಯಕ್ರಿಯೆಯನ್ನು ಓದುತ್ತಿದ್ದಳು.

ಅದು ಮೊಬೈಲಿನಲ್ಲಿ ಕೇಳುವ ಧಾರಾವಾಹಿಯ ಒಂಬತ್ತನೆಯ ಕಂತು. ಬರೆಸುವುದು ಆ ದೊಡ್ಡ ದೇಶದ ಸರ್ಕಾರ, ಹಂಚುವುದು ಪುಕ್ಕಟೆ. ಹಿಂದಿಯಲ್ಲಿ ಬಂದದ್ದನ್ನು ಮರಾಠಿಗೂ ಗಡಿಯ ಕನ್ನಡಕ್ಕೂ ತಿರುಗಿಸಿ ದನಿ ಕೊಡುವುದು ಅವಳ ಕೆಲಸವಾಗಿತ್ತು. ತಮ್ಮ ಸತ್ತ ಮೇಲೆ ಬಿಟ್ಟಿದ್ದಳು. ಸ್ಟುಡಿಯೋದ ನೀಲಕಂಠ ಫೋನ್ ಮಾಡಿ, "ಒಮ್ಮೆ ಬಂದು ನೋಡಿ ಹೋಗು, ನಿನಗ ಸಂಬಂಧಪಟ್ಟದ್ದು ಅದ" ಎಂದದ್ದಕ್ಕೆ ಬಂದಿದ್ದಳು.

"ಮಗುವನ್ನು ಎದೆಗವಚಿಕೊಂಡು ಓಡಿದ ನೀಲ್ ಬೆನ್ನಿಗೆ ಗುಂಡು ತಿಂದ," ಎಂದಿತ್ತು ಕಂತು. "ಸೈನಿಕರು ಅವನ ದೇಶದ ಪದ್ಧತಿಯಂತೆ ಚಿತೆ ಒಟ್ಟಿದರು. ಹಿಮದ ನಡುವೆ ಬೆಂಕಿ ಮುಗಿಲಿಗೇರಿತು. ಕಮಾಂಡರ್ ಟೊಪ್ಪಿಗೆ ತೆಗೆದು ಅತ್ತ."

"ನೀಲಕಂಠಣ್ಣಾ, ಈ ನೀಲ್ ಯಾರು?"

"ಯಾರಂದ್ರ? ಹೀರೋ. ಕತಿ ಅಂದ್ಮ್ಯಾಲ ಹೀರೋ ಇರ್ತಾನ."

"ಹೆಸರು ಅದೇ ಯಾಕ?"

"ಹಿಂದೂಸ್ತಾನದಾಗ ನೀಲ್ ಅನ್ನೋರು ಸಾವಿರ ಮಂದಿ ಇರ್ತಾರ, ತಾಯಿ."

"ಉಮರಗಾದಾಗ ಕಾಲೇಜು ಬಿಟ್ಟು, ಟ್ರ್ಯಾಕ್ಟರ್ ಹೊಡಕೋತ, ಅವ್ವನ ಕೈಯಾನ ಶೇಂಗಾ ಹೋಳಿಗಿಗಿ ಜೀವಾ ಬಿಡೋ ನೀಲ್ ಎಷ್ಟು ಮಂದಿ ಇದ್ದಾರ?"

ನೀಲಕಂಠ ಫ್ಯಾನಿನ ಕಡೆ ನೋಡಿದ. ಭಾಲ್ಕಿ ಕಡೆಯವನು, ಉದಗೀರದ ಅಳಿಯ. ಮೊದಲು ಜೀಪಿಗೆ ಧ್ವನಿವರ್ಧಕದ ಭೋಂಗಾ ಕಟ್ಟಿ ಚುನಾವಣೆಯ ಪ್ರಚಾರ, ಸೀರೆಯ ಸೇಲು ಒದರುತ್ತ ತಿರುಗುತ್ತಿದ್ದ. ಯಾರ ಸರಕೇ ಇರಲಿ, ಒದರುವಾಗ ಅವನ ಗಂಟಲು ಒಂದೇ.

"ಆ ದೇಶದವರು ಕೇಳಿದ್ರು, ನಾ ಹೇಳ್ದೆ," ಅಂದ. "ಅಭಿಮಾನಲೇ ಹೇಳ್ದೆ. ನಮ್ಮ ಕಡಿ ಪೋರ, ಜಗತ್ತೇ ಕೇಳ್ಲಿ ಅಂತ."

"ಬೆನ್ನಿಗಿ ಗುಂಡು ಬಿದ್ದಿದ್ದೂ ನೀನೇ ಹೇಳಿದೇನು? ಆ ಕೂಸು ಯಾರ್ದು?"

"ಕೂಸು ಅವರದ್ದೇ ಹಾಕ್ಯಾರ. ಕೂಸಿಲ್ಲಂದ್ರ ಮಂದಿ ಅಳಲ್ಲ."

ನೀಲೇಶ ಹೇಗೆ ಸತ್ತ ಎಂಬುದು ಪ್ರಣಿತಾಳಿಗೆ ಗೊತ್ತಿತ್ತು. ಅವನ ಜೊತೆಗೇ ಹೋಗಿದ್ದ ದೇವಣಿಯ ಭರತ ಎರಡು ಬೆರಳು ಕಳಕೊಂಡು ವಾಪಸಾಗಿದ್ದ. ದೊಡ್ಡ ದೇಶದ ಸೈನ್ಯದಲ್ಲಿ ಅಡಿಗೆ ಕೆಲಸ ಎಂದು ಕರೆದೊಯ್ದವರು ಅಲ್ಲಿ ಕೈಗೆ ಸಲಿಕೆ ಕೊಟ್ಟಿದ್ದರು. ಬಯಲಲ್ಲಿ ಕಂದಕ ತೋಡುವಾಗ ಮೇಲಿಂದ ಡ್ರೋನ್ ಬಂತು. "ಕೂಸಿಲ್ಲ, ಕುನ್ನಿಯಿಲ್ಲ ಅಕ್ಕಾ," ಅಂದಿದ್ದ ಭರತ. "ಮ್ಯಾಲ ನೊಣ ಹಾರಿದಂಗ ಸಪ್ಪಳ ಬಂತು. ನಾ ಓಡ್ದೆ. ಅಂವಾ ಓಡಲಿಲ್ಲ. ಹೊಳ್ಳಿ ನೋಡ್ಲಾಕ ಸೈತ ಬಿಡಲಿಲ್ಲ ಅವರು. ಹೊಳ್ಳಿದವರಿಗಿ ಹಿಂದಿಂದ ಹೊಡೀತಿದ್ರು, ನಮಗ ಕರಕೊಂಡು ಹೋದವರೇ."

"ಇದರಾಗ ಚಿತಿ ಹಚ್ಚ್ಯಾರ," ಅಂದಳು ಪ್ರಣಿತಾ. "ನಾವು ಸುಡೋ ಮಂದಿ ಏನು? ನೀನೂ ಲಿಂಗಾಯತನೇ ಅಲ್ಲ? ನಿಮ್ಮಪ್ಪಗ ಸುಟ್ಟಿಯೋ, ಕೂಡ್ರಿಸಿ ಮಣ್ಣು ಕೊಟ್ಟಿಯೋ?"

ನೀಲಕಂಠನ ಮುಖ ಬೆಳಗಿತು. "ಹಾಂ! ಅದಕ್ಕೇ ನಿನ್ನ ಕರದೀನಿ. ಅವರಿಗೇನು ತಿಳೀತದ, ಹಿಂದೂಸ್ತಾನಿ ಅಂದ್ರ ಸುಡ್ತಾರ ಅಂತ ಬರದಾರ. ನೀ ತಿದ್ದು. ಮೊದಲಿನ ಧಾರಾವಾಹಿ ನೀ ತಿದ್ದಿದಿ, ಎಷ್ಟು ಚಂದ ಆಯ್ತು!"

ಮೊದಲಿನ ಧಾರಾವಾಹಿ. ಅದು ಗಡಿಯ ಒಂದು ಹಳ್ಳಿಯ ಕಥೆ. ಹಳ್ಳಿಯ ಜನ ಆಡುವುದು ದೊಡ್ಡ ದೇಶದ ಮಾತು, ಅವರನ್ನಾಳುವುದು ಸಣ್ಣ ದೇಶದ ಸರ್ಕಾರ. ಅವರ ಶಾಲೆ ಮುಚ್ಚುತ್ತಾರೆ, ಮುದುಕಿಯರ ಮಾತಿಗೆ ಕಚೇರಿಯಲ್ಲಿ ನಗುತ್ತಾರೆ. ಕೊನೆಗೆ ನದಿಯಾಚೆಯಿಂದ ದೊಡ್ಡ ದೇಶದ ಸೈನಿಕರು ಬಂದು ಬಿಡಿಸುತ್ತಾರೆ. ಹಿಂದಿಯಲ್ಲಿ ಅದು ಕಟ್ಟಿಗೆಯಂತಿತ್ತು. ಜೀವ ತುಂಬಿದವಳು ಪ್ರಣಿತಾ. ಹೆಸರುಗಳನ್ನು ಹಾಗೇ ಬಿಟ್ಟು, ಮಾತನ್ನೆಲ್ಲ ದಾಳಿಂಬದ್ದು ಮಾಡಿದಳು. ಅವಳ ಅವ್ವ ಮುಕ್ತಾಬಾಯಿ ಆಳಂದ ಕಡೆಯಿಂದ ಲಗ್ನವಾಗಿ ಬಂದವಳು, ಮರಾಠಿ ಇನ್ನೂ ನಾಲಿಗೆಗೆ ಹತ್ತಿಲ್ಲ. ಒಮ್ಮೆ ಉಮರಗಾದ ಬ್ಯಾಂಕಿನಲ್ಲಿ ಕಾರಕೂನನೊಬ್ಬ, "ಬಾಯಿ, ಮಾಣಸಾಸಾರಖ ಬೋಲಾ ಕೀ" — ಮನುಷ್ಯರ ಹಾಗೆ ಮಾತಾಡು — ಎಂದು ನಕ್ಕಿದ್ದ. ಆ ನಗುವನ್ನು ಪ್ರಣಿತಾ ಎತ್ತಿ ಕಥೆಯ ಮುದುಕಿಯ ಎದುರಿಗಿಟ್ಟಳು. ಅದೇ ಕಾರಕೂನ ಮರುವಾರ ಮುಕ್ತಾಬಾಯಿಗೆ ಕುರ್ಚಿ ಹಾಕಿ, ಚಹಾ ತರಿಸಿ, ತನ್ನ ಹೆಂಡತಿಯೂ ಔರಾದದವಳು ಎಂದು ಹರಕು ಕನ್ನಡದಲ್ಲಿ ಮಾತಾಡಿಸಿದ್ದ. ಅದನ್ನು ಬರೆಯಲಿಲ್ಲ. ಕಥೆಗೆ ಅದು ಬೇಕಿರಲಿಲ್ಲ.

ನೀಲೇಶ ಟ್ರ್ಯಾಕ್ಟರಿನ ಮೇಲೆ ಕಿವಿಗೆ ವೈರು ಸಿಕ್ಕಿಸಿಕೊಂಡು ಸೋಯಾಬೀನ್ ಬಿತ್ತುತ್ತ ಎಲ್ಲ ಕಂತುಗಳನ್ನೂ ಕೇಳಿದ. "ಅಕ್ಕಾ, ಅಲ್ಲೀ ಮಂದೀನೂ ನಮ್ಹಂಗೇ ಅದಾರ," ಅಂದಿದ್ದ. ಆ ಮುದುಕಿಯ ಮಾತು ಬಂದಾಗ ಟ್ರ್ಯಾಕ್ಟರ್ ನಿಲ್ಲಿಸಿದ್ದನಂತೆ. ಕಂತು ಕಂತಿನ ನಡುವೆ ಆ ದೇಶಕ್ಕೆ ಕೆಲಸಕ್ಕೆ ಕಳಿಸುವ ನಿಲಂಗಾದ ಒಬ್ಬ ಏಜೆಂಟನ ಜಾಹೀರಾತು ಬರುತ್ತಿತ್ತು. ಪಗಾರದ ಆಸೆಯೂ ಇತ್ತು, ಸುಳ್ಳಲ್ಲ. ಆದರೆ ಪಗಾರ ಪುಣೆಯಲ್ಲೂ ಸಿಗುತ್ತಿತ್ತು.

"ನಾ ತಿದ್ದಲ್ಲ," ಅಂದಳು ಪ್ರಣಿತಾ.

"ಸಿಟ್ಟಿಗಿ ಬರಬ್ಯಾಡ. ಕೇಳಿಲ್ಲಿ. ಟಿವಿ ಸುದ್ದಿ ಹಾಕಿದ್ರ ಮಂದಿ ಜಗಳಾ ಮಾಡ್ತಾರ, ಅವರದು ತಪ್ಪು ಇವರದು ತಪ್ಪು ಅಂತ. ಕತಿ ಹಾಕಿದ್ರ ಸುಮ್ನ ಅಳ್ತಾರ. ಆ ದೇಶದವರು ಹುಚ್ಚರಲ್ಲ, ಅದಕ್ಕೇ ಕತಿಗಿ ರೊಕ್ಕ ಸುರೀತಾರ. ನಾ ನೀ ಯಾರು ಬ್ಯಾಡನ್ಲಾಕ?"

"ಥೂ ನಿನ್ನ."

"ಉಗುಳು, ಉಗುಳು. ನೀ ಬರೀದಿದ್ರ ಲಾತೂರದಾಗ ಬರಿಯೋರಿದ್ದಾರ. ನಿಮ್ಮ ತಮ್ಮ ಸುಟ್ಟಂಗೇ ಹೋಗ್ತಾನ, ಅಷ್ಟೇ. ನಿಮ್ಮಪ್ಪಗ ಫೋನ್ ಮಾಡೀನಿ. ಹಿರ್ಯಾ ಮನಷ್ಯಾ, ಖುಷಿಯಾಗ್ಯಾನ. ನಿನಗೇ ಇಲ್ಲ ಬುದ್ಧಿ."

ಅವಳು ಎದ್ದಳು. ಮೈಕು ಕಾಲಿಗೆ ತಾಗಿ ಬಿತ್ತು. ಎತ್ತಿಡಲಿಲ್ಲ.

ನಿಲಂಗಾ ಮಾರ್ಗವಾಗಿ ಬಸ್ಸು ಉಮರಗಾ ಮುಟ್ಟಿ, ಅಲ್ಲಿಂದ ಶೇರ್ ಆಟೋದಲ್ಲಿ ಮಂದಿಯ ಮೊಣಕೈ ತಿವಿಸಿಕೊಳ್ಳುತ್ತ ದಾಳಿಂಬಕ್ಕೆ ಬರುವವರೆಗೂ ಅವಳ ಹಲ್ಲು ಕಚ್ಚಿಕೊಂಡೇ ಇತ್ತು. ನಿಲಂಗಾದಲ್ಲಿ ಬಸ್ಸು ನಿಂತಾಗ ಏಜೆಂಟನ ಅಂಗಡಿ ಕಂಡಿತು. ಬೋರ್ಡು ಬದಲಾಗಿತ್ತು. ಈಗ ಅಲ್ಲಿ ವಿದೇಶದ ನರ್ಸಿಂಗ್ ಕೋರ್ಸಿಗೆ ಸೀಟು ಕೊಡಿಸುತ್ತಾರೆ. ಹೊರಗೆ ಹುಡುಗಿಯರು ಸಾಲುಗಟ್ಟಿದ್ದರು.

ಮನ್ಮಥಪ್ಪ ಕಟ್ಟೆಯ ಮೇಲೆ ಕೂತಿದ್ದ. ಒಗೆದ ಧೋತರ, ಹಣೆಗೆ ವಿಭೂತಿ. ಮಗನ ಸುದ್ದಿ ಬಂದಂದಿನಿಂದ ಬಗ್ಗಿದ್ದ ಅವನ ಬೆನ್ನು ಅಂದು ನೆಟ್ಟಗಿತ್ತು. ಅದನ್ನು ನೋಡಿಯೇ ಪ್ರಣಿತಾಳಿಗೆ ದಿಗಿಲಾಯಿತು.

ಮರುದಿನ ಅವನೂ ಅವಳೂ ದಿಲ್ಲಿಗೆ ಹೊರಡಬೇಕಿತ್ತು. ಆ ದೇಶ ಗುರುತು ಸಿಗದ ಕೆಲವು ಹೆಣಗಳನ್ನು ಕಳಿಸಲಿದೆ, ಅಪ್ಪ ಅಥವಾ ಅವ್ವ ಬಂದು ರಕ್ತ ಕೊಟ್ಟರೆ ತಾಳೆ ನೋಡುತ್ತೇವೆ ಎಂದು ದಿಲ್ಲಿಯ ಸರ್ಕಾರಿ ಕಚೇರಿಯವರು ಹೇಳಿದ್ದರು. ಅಷ್ಟು ಹೇಳಿಸಿಕೊಳ್ಳಲು ಪ್ರಣಿತಾ ತಿಂಗಳುಗಟ್ಟಲೆ ಫೋನಿಗೆ ಜೋತುಬಿದ್ದಿದ್ದಳು. ಮನ್ಮಥಪ್ಪ ಹೊಲದ ಮೂಲೆಯಲ್ಲಿ, ತನ್ನ ಅಪ್ಪ-ಅವ್ವನ ಮಗ್ಗುಲಲ್ಲಿ, ಒಂದಿಷ್ಟು ನೆಲ ತೊಗರಿ ಬಿತ್ತದೆ ಖಾಲಿ ಬಿಟ್ಟಿದ್ದ.

"ದಿಲ್ಲಿಗಿ ಬ್ಯಾಡ ಪೋರಿ," ಅಂದ. "ನೀಲಕಂಠ ಎಲ್ಲಾ ಹೇಳ್ದ. ಅವರೇ ಸನ್ಮಾನಲೇ ಕಾರ್ಯ ಮಾಡ್ಯಾರಂತ. ಕೂಸಿಗಿ ಉಳಿಸ್ಲಾಕ ಹೋಗಿ ಹೋದ ನನ್ನ ಮಗ. ಊರಾಗ ಅಂವನ ಹೆಸರಲೇ ಕಟ್ಟಿ ಕಟ್ಟಸ್ತಾರಂತ."

"ಅಪ್ಪಾ, ಅದು ಕತಿ."

"ಕತಿ ಆದ್ರೇನಾಯ್ತು, ಇದ್ದದ್ದೇ ಬರದಿರ್ತಾರ."

"ಇದ್ದದ್ದು ಬರದಾರ? ಕೇಳು ಹಂಗಾದ್ರ." ಅವಳು ಮೊಬೈಲ್ ತೆಗೆದು ಹಿಂದಿಯದನ್ನು ಅಲ್ಲೇ ಕನ್ನಡ ಮಾಡುತ್ತ ಓದಿದಳು. ಒಂದು ಶಬ್ದ ತಿದ್ದಲಿಲ್ಲ. ಚಿತೆ ಅಂದಳು, ಕಟ್ಟಿಗೆ ಅಂದಳು, ಬೆಂಕಿ ಮುಗಿಲಿಗೇರಿತು ಅಂದಳು. ಅಪ್ಪನಿಗೆ ನೋವಾಗಲಿ ಎಂದೇ ಓದಿದಳು. ನೋವಾದರೆ ಸಿಟ್ಟು ಬರುತ್ತದೆ, ಸಿಟ್ಟು ಬಂದರೆ ದಿಲ್ಲಿಗೆ ಹೊರಡುತ್ತಾನೆ.

"ಸುಟ್ಟರ?" ಅಂದ ಮನ್ಮಥಪ್ಪ.

"ಹಂಗ ಬರದಾರ."

"ನನ್ನ ಮಗಗ? ಬೆಂಕಿ ಹಚ್ಚಿದ್ರ?" ಆಮೇಲೆ ಅವಳ ಕೈಯಲ್ಲಿದ್ದ ಮೊಬೈಲಿಗೆ ಬೆರಳು ತೋರಿಸಿದ. "ತಿದ್ದು."

"ಏನು?"

"ನೀನೇ ಅಲ್ಲ ತಿದ್ದಾಕಿ? ನನ್ನ ಮಗಗ ಕೂಡ್ರಿಸು ಅದರಾಗ. ಕುಣ್ಯಾಗ ಕೂಡೋ ಗೂಡು ತೋಡಿಸು. ವಿಭೂತಿ ಹಚ್ಚಿಸು."

"ಕತ್ಯಾಗ ಕೂಡ್ರಿಸಿದ್ರ ಖರೇ ಕೂಡ್ರಿಸಿದಂಗ ಆಗ್ತದೇನು? ಅಪ್ಪಾ, ಅಂವಾ ಇನ್ನಾ ಆ ಬಯಲಾಗ ಬಿದ್ದಾನ. ಇಲ್ಲಾ ಯಾವುದೋ ದವಾಖಾನಿ ಥಂಡಿ ಪೆಟ್ಟಿಗ್ಯಾಗ ಅದಾನ. ನಿನ್ನ ರಕ್ತ ಕೊಟ್ರ ಸಿಗ್ತಾನ!"

"ಏನು ಸಿಗ್ತಾನ!" ಮನ್ಮಥಪ್ಪ ಎದ್ದು ನಿಂತ. "ಒಂದು ಡಬ್ಬಿ ಕೊಡ್ತಾರ. ತೆರಿಬ್ಯಾಡ್ರಿ ಅಂತಾರ. ಅದರಾಗ ಯಾರ ಕೈ ಇರ್ತದೋ, ಯಾರ ಕಾಲು ಇರ್ತದೋ. ಭರತ್ಯಾ ಹೇಳಿದ್ದು ನಾ ಕೇಳಿಲ್ಲಂತ ತಿಳಕೊಂಡಿ? ಈ ಕತ್ಯಾಗ ನನ್ನ ಮಗ ಇಡೀ ಅದಾನ, ಪೋರಿ. ಇಡೀ ಅದಾನ."

ಆಗ ಒಳಗಿನಿಂದ ಮುಕ್ತಾಬಾಯಿ ಬಂದಳು. ಕೈಗೆ ಜೋಳದ ಹಿಟ್ಟು ಮೆತ್ತಿತ್ತು.

"ಅವ್ವಂದೂ ನಡೀತದ ಅಂದಿದ್ರಲ್ಲ ಅವರು?"

"ಹೂಂ."

"ನಾ ಬರ್ತೀನಿ. ಹೊಟ್ಟ್ಯಾಗ ಇಟ್ಕೊಂಡಾಕಿ ನಾ." ಗಂಡನ ಕಡೆ ತಿರುಗಿದಳು. "ಡಬ್ಬಿ ಬಂದ್ರ ಡಬ್ಬಿ ಹೂಳತೀನಿ. ನೀವು ಕತಿ ಕೇಳ್ಕೋತ ಕೂಡ್ರಿ."

ಮುಕ್ತಾಬಾಯಿ ಗಂಡನಿಲ್ಲದೆ ಹಿಂದೆಂದೂ ರೈಲು ಹತ್ತಿರಲಿಲ್ಲ. ಹತ್ತಿದಳು. ದಿಲ್ಲಿಯ ಕಚೇರಿಯಲ್ಲಿ ಅವಳಂಥ ಹೆಂಗಸರು ಬೆಂಚು ಸಾಲದೆ ನೆಲದ ಮೇಲೆ ಕೂತಿದ್ದರು. ಬೆರಳು ಚುಚ್ಚಿ ರಟ್ಟಿನ ತುಂಡಿನ ಮೇಲೆ ರಕ್ತ ಒತ್ತಿಸಿಕೊಂಡರು. ಕೋರಿಕೆ ಕಳಿಸುತ್ತೇವೆ, ಆ ದೇಶದವರು ಉತ್ತರ ಕೊಡುತ್ತಾರೆ ಅಂದರು. "ಇಷ್ಟೇ ರಕ್ತ ಸಾಕೇನು? ಇನ್ನಾ ತಗೋರಿ ಅನ್ನು," ಎಂದು ಮುಕ್ತಾಬಾಯಿ ಮಗಳನ್ನು ತಿವಿದಳು.

ಅವರು ದಿಲ್ಲಿಯಲ್ಲಿದ್ದಾಗ ಮನ್ಮಥಪ್ಪ ಸುಮ್ಮನೆ ಕೂತಿರಲಿಲ್ಲ. ನೀಲಕಂಠನಿಗೆ ತಾನೇ ಫೋನ್ ಹಚ್ಚಿದ್ದ. ಒಂದಿಡೀ ಮಧ್ಯಾಹ್ನ ಕಟ್ಟೆಯ ಮೇಲೆ ಕೂತು, ತನ್ನ ಕುಲದಲ್ಲಿ ಮಣ್ಣು ಹೇಗೆ ಕೊಡುತ್ತಾರೆಂದು ಒಂದೊಂದೇ ಹೇಳಿದ್ದ. ಪದ್ಮಾಸನ ಹಾಕಿಸಬೇಕು, ಕುತ್ತಿಗೆ ವಾಲದಂತೆ ಆನಿಕೆ ಕೊಡಬೇಕು, ಎಡಗೈಯಲ್ಲಿ ಲಿಂಗ, ಮೈತುಂಬ ವಿಭೂತಿ, ಮೇಲೆ ಬಿಲ್ವಪತ್ರಿ. ಹೆಗಲ ಮಟ ಬಂದಾಗ ಮಣ್ಣು ಮೆತ್ತಗೆ ಹಾಕಬೇಕು, ಒಗೆಯಬಾರದು. ಮಗನಿಗೆ ಮಾಡಲಾಗದ್ದನ್ನೆಲ್ಲ ಅವನು ಆ ಫೋನಿನೊಳಗೆ ಮಾಡಿ ಮುಗಿಸಿದ್ದ.

ಅವರು ತಿರುಗಿ ಬಂದ ಮೇಲೆ ಕಂತು ಬಂತು. ಮಹಾದೇವ ಗುಡಿಯ ಸ್ಪೀಕರಿನಲ್ಲಿ ಊರಿಗೆಲ್ಲ ಕೇಳಿಸಿದರು. ಲಾತೂರದ ಯಾವಳೋ ದನಿ ಕೊಟ್ಟಿದ್ದಳು. ಚಿತೆ ಹೋಗಿ ಗೂಡು ಬಂದಿತ್ತು. ಕಾರ್ಯ ಮಾಡಿಸುವ ಅಯ್ಯನವರ ಬದಲಿಗೆ ಕಮಾಂಡರನೇ ನೀಲ್‌ನ ಹಣೆಗೆ ವಿಭೂತಿ ಹಚ್ಚಿದ, ಎಡಗೈಯಲ್ಲಿ ಲಿಂಗ ಇಟ್ಟ, ಬಿಲ್ವಪತ್ರಿ ಏರಿಸಿದ. "ನಮ್ಮ ರೀತೀಲೇ ಮಾಡ್ಯಾರ ನೋಡ್ರಿ," ಎಂದು ಮಂದಿ ಸೆರಗಿನಿಂದ, ಟವೆಲಿನಿಂದ ಕಣ್ಣು ಒರೆಸಿಕೊಂಡರು. ಆ ಸಣ್ಣ ದೇಶದವರನ್ನು ಬೇರುಸಹಿತ ಕೀಳಬೇಕು ಅಂದ ಒಬ್ಬ. ಅದು ಭೂಪಟದಲ್ಲಿ ಯಾವ ಕಡೆಗಿದೆ ಎಂದು ಕೇಳಿದ್ದರೆ ಅವನಿಗೆ ಹೇಳಲು ಬರುತ್ತಿರಲಿಲ್ಲ. ಮುಕ್ತಾಬಾಯಿ ಬಾಗಿಲು ಹಾಕಿಕೊಂಡು ಒಳಗಿದ್ದಳು. ಪ್ರಣಿತಾ ಗುಡಿಗೆ ಹೋಗಿ ಸ್ಪೀಕರಿನ ವೈರು ಕಿತ್ತಳು. ಮಂದಿ ಅವಳನ್ನು ಬೈದರು. ಅಪ್ಪ ಎಲ್ಲರೆದುರು ಕೈಯೆತ್ತಿದ, ಹೊಡೆಯಲಿಲ್ಲ.

ದಿಲ್ಲಿಯ ಫೋನ್ ತೊಗರಿ ಕೊಯ್ಯುವ ಹೊತ್ತಿಗೆ ಬಂತು. ಮೂವರೂ ಹೊಲದಲ್ಲಿದ್ದರು. ಪ್ರಣಿತಾ ಸ್ಪೀಕರಿಗೆ ಹಾಕಿದಳು. ಅಧಿಕಾರಿ ಹಿಂದಿಯಲ್ಲಿ, ಮೆತ್ತಗೆ ಮಾತಾಡಿದ. ಆ ದೇಶದಿಂದ ಉತ್ತರ ಬಂದಿದೆ ಅಂದ. ನಿಮ್ಮ ಹುಡುಗನ ಅಂತ್ಯಕ್ರಿಯೆ ಅಲ್ಲೇ ಮುಗಿದಿದೆ, ಆದ್ದರಿಂದ ಹೆಣಗಳ ಜೊತೆ ರಕ್ತ ತಾಳೆ ನೋಡುವ ಪ್ರಶ್ನೆ ಬರುವುದಿಲ್ಲ, ಪ್ರಕರಣ ಮುಚ್ಚಿದೆ ಅಂದ.

"ಎಲ್ಲಿ ಮುಗಿಸಿದ್ರಂತ? ಯಾರು ನೋಡಿದ್ರಂತ?" ಪ್ರಣಿತಾ ಹಿಂದಿಯಲ್ಲೇ ಕೂಗಿದಳು.

ಅಧಿಕಾರಿ ಓದಿದ. "ಕುಟುಂಬದ ಧಾರ್ಮಿಕ ಪದ್ಧತಿಯಂತೆ, ಕುಳಿತ ಭಂಗಿಯಲ್ಲಿ. ಭಸ್ಮ ಲೇಪಿಸಿ, ಎಡ ಅಂಗೈಯಲ್ಲಿ ಲಿಂಗವಿಟ್ಟು, ಬಿಲ್ವಪತ್ರೆಯೊಂದಿಗೆ..."

"ಸಾಹೇಬ್ರ, ಮೊಣಕಾಲ ಮಟ ಹಿಮ ಬೀಳೋ ಊರಾಗ ಬಿಲ್ವದ ಗಿಡ ಎಲ್ಲಿ ಬೆಳೀತದ? ಇದು ಧಾರಾವಾಹಿ! ಇದು ಅವರ ಧಾರಾವಾಹ್ಯಾಗ ಬಂದದ್ದು!"

"ಮೇಡಂ, ಅವರು ಬರೆದದ್ದನ್ನು ನಾನು ಓದುತ್ತಿದ್ದೇನೆ. ಇಷ್ಟು ವಿವರವಾಗಿ ಇದುವರೆಗೆ ಯಾರಿಗೂ ಉತ್ತರ ಬಂದಿಲ್ಲ."

ಮುಕ್ತಾಬಾಯಿ ಕುಡುಗೋಲು ಕೆಳಗಿಟ್ಟು ಫೋನಿನ ಹತ್ತಿರ ಬಂದಳು. ಹಿಂದಿ ಅವಳಿಗೆ ಬಾರದು, ಆದರೆ ಲಿಂಗ ಎಂದದ್ದು ತಿಳಿಯಿತು. "ಕೇಳು ಅಂವಗ," ಅಂದಳು. "ಅಂವನ ಲಿಂಗ ಇಲ್ಲೇ ನಮ್ಮ ದೇವರ ಜಗಲಿ ಮ್ಯಾಲ ಅದ. ಬಿಚ್ಚಿಟ್ಟು ಹೋಗ್ಯಾನ. ನನ್ನ ಮಗನ ಕೈಯಾಗ ಅವರು ಏನಿಟ್ರು ಕೇಳು."

ಪ್ರಣಿತಾ ಕೇಳಿದಳು. ಅಧಿಕಾರಿ, ನಿಮ್ಮ ತಾಯಿಗೆ ನನ್ನ ಸಂತಾಪ ತಿಳಿಸಿ, ಅಂದ.

ಮನ್ಮಥಪ್ಪ ತೊಗರಿಯ ಕಟ್ಟುಗಳ ನಡುವೆ ಕೂತುಬಿಟ್ಟಿದ್ದ. "ಆನಿಕಿ ಕೊಟ್ಟದ್ದು ಓದಲಿಲ್ಲ ಅಂವಾ," ಅಂದ. "ಕುತ್ತಿಗಿ ವಾಲದಂಗ ಆನಿಕಿ ಕೊಡಬೇಕಂತ ಹೇಳಿದ್ದೆ ನಾ." ಆಮೇಲೆ ಮಗಳ ಮುಖ ನೋಡಿದ, ಹೆಂಡತಿಯ ಮುಖ ನೋಡಿದ. ಯಾರೂ ಅವನನ್ನು ಎಬ್ಬಿಸಲಿಲ್ಲ.

ಆ ವಾರವೇ ದೇವಣಿಯ ಭರತ ಫೋನ್ ಮಾಡಿದ. ಸಾಸ್ತೂರದಲ್ಲಿ ಶಿವರಾಯ ಎಂಬ ಹುಡುಗ ಆ ದೇಶಕ್ಕೆ ಹೊರಟಿದ್ದಾನೆ, ಏಜೆಂಟ್ ಬೇರೆ, ಮಾತು ಅದೇ. ಅವನನ್ನು ತಡೆಯಲೆಂದು ಪ್ರಣಿತಾ, ಭರತ ಇಬ್ಬರೂ ಭರತನ ಮೋಟಾರ್ ಸೈಕಲ್ಲಿನ ಮೇಲೆ ಹೋದರು. ಭರತನಿಗೆ ಇದ್ದ ಬೆರಳುಗಳಲ್ಲೇ ಬ್ರೇಕು ಹಿಡಿಯುವುದು ಕಷ್ಟವಾಗುತ್ತಿತ್ತು. ಸಾಸ್ತೂರದಲ್ಲಿ ಹಿಂದೊಮ್ಮೆ ಆದ ಭೂಕಂಪದ ನಂತರ ಸಾಲಾಗಿ ಕಟ್ಟಿದ ಮನೆಗಳು ಒಂದರಂತೆ ಒಂದಿದ್ದವು, ಕೇಳಿ ಕೇಳಿ ಹುಡುಕಬೇಕಾಯಿತು. ಹುಡುಗನ ಅವ್ವ ಕಾಂತಾಬಾಯಿ ಅಂಗಳದಲ್ಲಿ ಹೆಸರುಕಾಳು ಹಸನು ಮಾಡುತ್ತಿದ್ದಳು.

"ನಿನ್ನೆನೇ ಹೋದ್ನಲ್ಲವ್ವಾ ಶಿವರಾಯ," ಅಂದಳು. "ನೀವು ಯಾರ ಪೈಕಿ?"

"ದಾಳಿಂಬದಾಕಿ. ನೀಲೇಶನ ಅಕ್ಕ."

ಕಾಂತಾಬಾಯಿ ಮೊರ ಬದಿಗಿಟ್ಟು ಎದ್ದು ಬಂದು ಪ್ರಣಿತಾಳ ಎರಡೂ ಕೈ ಹಿಡಿದುಕೊಂಡಳು. "ಅಯ್ಯ ನನ್ನವ್ವ, ನಿಮ್ಮ ತಮ್ಮನ ಕತಿ ಕೇಳೇ ಹೋದ ಅಂವಾ. ನಾ ಮೊದಲ ಬ್ಯಾಡಂದಿದ್ದೆ. ಪರದೇಶ, ಹೆಚ್ಚು ಕಮ್ಮಿ ಆದ್ರ ಯಾರು ನೋಡ್ತಾರ ಅಂತ ಅತ್ತಿದ್ದೆ. ಆಮ್ಯಾಲ ಅಂವನೇ ಕೇಳಿಸ್ದ. ಅಲ್ಲಿ ಮಣ್ಣು ಸೈತ ನಮ್ಮ ರೀತೀಲೇ ಕೊಡ್ತಾರಲ್ಲವ್ವಾ. ಅಷ್ಟು ಒಳ್ಳೆ ಮಂದಿ. ನಡೀರಿ ಒಳಗ, ಚಹಾ ಮಾಡ್ತೀನಿ."

ಭರತ ಗಾಡಿಯ ಮೇಲಿಂದ ಇಳಿಯಲೇ ಇಲ್ಲ. ಅಂಗಳದಲ್ಲಿ ಒಂದು ಕೋಳಿ ಮೊರದ ಹತ್ತಿರ ಬಂದು ಕಾಳು ಹೆಕ್ಕತೊಡಗಿತ್ತು. ಪ್ರಣಿತಾಳ ಕೈ ಇನ್ನೂ ಕಾಂತಾಬಾಯಿಯ ಕೈಯಲ್ಲಿತ್ತು, ಅವಳಿಗೆ ಅದನ್ನು ಬಿಡಿಸಿಕೊಳ್ಳಲಾಗಲಿಲ್ಲ.

ಮುಂದಿನ ಮಳೆಗಾಲದೊಳಗೆ, ಆ ಕಂತು ಕೇಳಿ ಆ ದೇಶಕ್ಕೆ ಹೋದವರ ಲೆಕ್ಕ ಇಷ್ಟಾಯಿತು. ದಾಳಿಂಬದಿಂದ ಒಬ್ಬ. ದೇವಣಿಯಿಂದ ಇಬ್ಬರು. ಸಾಸ್ತೂರದಿಂದ ಒಬ್ಬ.